ಹಿಂದಿನ ಸೀಟಿಗೆ ನಾನು ಮಾಡಿದ ಭಾಷಣ

ಕಾರು ಓಡಿಸುವುದರಲ್ಲಿ ನನ್ನಷ್ಟು ಜಾಗರೂಕ ಮನುಷ್ಯ ಹೊಸೂರಲ್ಲೇ ಇಲ್ಲ ಎಂದು ಹದಿನೈದು ದಿನದಿಂದ ಹೇಳಿಕೊಂಡು ತಿರುಗುತ್ತಿದ್ದೆ. ಕಾರು ಕೊಂಡು ಹದಿನಾರು ದಿನವಾಗಿತ್ತು. ಮೊದಲನೇ ದಿನ ನಮ್ಮನೆ ಗೇಟಿಗೇ ಗುದ್ದಿದ್ದರಿಂದ ಅವತ್ತು ಮಾತ್ರ ಸುಮ್ಮನಿದ್ದೆ.

ನನ್ನ ಹೆಂಡತಿ ಸರೋಜಳ ಅಕ್ಕ ಇರುವುದು ನಾಟ್ರಾಂಪಾಳ್ಯದಲ್ಲಿ. ಭಾನುವಾರ ಊಟಕ್ಕೆ ಕರೆದಿದ್ದರು. ಬಸ್ಸಲ್ಲಿ ಹೋದರೆ ಅದು ಬರೀ ಹೋಗಿ ಬರುವುದು, ಕಾರಲ್ಲಿ ಹೋದರೆ ಪ್ರವಾಸ. ಹಾಗಾಗಿ ಬೆಳಿಗ್ಗೆ ಅವಲಪಲ್ಲಿಯ ನಮ್ಮ ಮನೆ ಮುಂದೆ ನಿಂತು ಕಾರ್ಯಕ್ರಮ ಪ್ರಕಟಿಸಿದೆ: ಮೊದಲು ಡ್ಯಾಮು, ಆಮೇಲೆ ಅಂಚೆಟ್ಟಿ ಬೆಟ್ಟ, ನಾಟ್ರಾಂಪಾಳ್ಯದಲ್ಲಿ ಊಟ, ಸಂಜೆಗೆ ಹೊಗೇನಕಲ್ಲು. ನಮ್ಮ ಜೊತೆ ಹೊರಟಿದ್ದ ಅತ್ತೆಗೆ, ಅಂದರೆ ಸರೋಜಳ ಅಮ್ಮನಿಗೆ, ಹೊಟ್ಟೆ ತೊಳಸುತ್ತದೆಂದು ಮುಂದಿನ ಸೀಟು. ಸರೋಜಳಿಗೆ ಹಿಂದಿನದು, ಬ್ಯಾಗು ದಿಂಬುಗಳ ನಡುವೆ.

“ಒಂದೇ ಒಂದು ರೂಲ್ಸು,” ಅಂದೆ. “ಬೆಟ್ಟದ ರೋಡಲ್ಲಿ ಡ್ರೈವರನ್ನ ಯಾರೂ ಮಾತಾಡಿಸಬಾರದು.”

“ಡ್ರೈವರ್ ಮಾತಾಡಬೌದಾ?” ಸರೋಜ ಕೇಳಿದಳು.

ಡ್ರೈವರ್ ಮಾತಾಡಬಹುದಿತ್ತು.

ಡ್ಯಾಮಿನ ಹತ್ತಿರ ಇಳಿಸಿ, ನೀರಿನ ಮೇಲೆ ಬಿಸಿಲು ಹೇಗೆ ಹೊಳೆಯುತ್ತಿದೆ ಎಂದು ವಿವರಿಸಿದೆ. ಅತ್ತೆ ಒಂದು ಕ್ಷಣ ನೋಡಿ, “ನೀರು,” ಅಂದು ಕಾರು ಹತ್ತಿದರು.

ಡೆಂಕಣಿಕೋಟೆ ದಾಟಿ ಕಾಡು ಶುರುವಾಯಿತು. ಒಂದು ತಿರುವಿನಲ್ಲಿ, ಕೆಳಗೆ ಕೆರೆ, ಅದರಾಚೆ ಸಾಲು ಬೆಟ್ಟ. ಕಾರು ನಿಲ್ಲಿಸಿ ಇಳಿದೆ. ಕೆರೆಯ ಜೊತೆ ನಾನು, ಬೆಟ್ಟದ ಜೊತೆ ನಾನು, ಎರಡರ ಜೊತೆಗೂ ನಾನು ಎಂದು ಹತ್ತಾರು ಫೋಟೋ ಹೊಡೆದುಕೊಂಡು ಬಂದು, ಬಾಗಿಲು ಹಾಕಿ ಹೊರಟೆ.

ಆಮೇಲೆ ನನ್ನ ಮಾತು ಎಲ್ಲಿಂದಲೋ ಹರಿದು ಬಂತು. ಬೆಟ್ಟ ಹುಟ್ಟಿದ್ದು ಹೇಗೆ, ಮೋಡ ತಡೆಯುವುದು ಹೇಗೆ, ಎಲ್ಲ ಹೇಳಿದೆ. ಅರ್ಧ ನನಗೇ ಗೊತ್ತಿರದ ವಿಷಯ. ಹಿಂದಿನ ಸೀಟಿಂದ ಒಂದು ತಕರಾರಿಲ್ಲ. ಹನ್ನೊಂದು ವರ್ಷದ ಸಂಸಾರದಲ್ಲಿ ಸರೋಜ ನನ್ನ ಮಾತನ್ನು ಇಷ್ಟು ಶ್ರದ್ಧೆಯಿಂದ ಕೇಳಿದ್ದೇ ಇಲ್ಲ. ನನ್ನ ಮನಸ್ಸು ಕರಗಿಹೋಯಿತು. ಪಕ್ಕಕ್ಕೆ ನೋಡಿದೆ, ಅತ್ತೆ ಕಣ್ಣು ಮುಚ್ಚಿದ್ದರು. ದನಿ ತಗ್ಗಿಸಿ, “ಸರೋಜ, ಒಂದು ನಿಜ ಹೇಳ್ತೀನಿ, ಬೈಬ್ಯಾಡ. ಯುಗಾದಿಗೆ ಫ್ಯಾಕ್ಟರೀಲಿ ಡಬಲ್ ಶಿಫ್ಟು ಅಂದ್ನಲ್ಲ, ಅವತ್ತು ಶಿಫ್ಟೇ ಇರ್ಲಿಲ್ಲ. ನಿಮ್ಮಮ್ಮನ ಮನೇಗೆ ಬಂದು ಎರಡು ದಿನ ಅವರ ಮಾತು ಕೇಳೋಕಾಗಲ್ಲ ಅಂತ ಫ್ರೆಂಡ್ ರೂಮಲ್ಲಿ ಮಲಗಿದ್ದೆ,” ಅಂದೆ.

“ಏನಾದ್ರೂ ಹೇಳು,” ಎಂದು ಮತ್ತೆ ಕೇಳಿದೆ.

“ಅವಳೆಲ್ಲವಳೆ ಹೇಳೋಕೆ?” ಅಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ. “ಆ ತಿರುವಲ್ಲಿ ಸೀತಾಫಲ ತಗಳಕ್ಕೆ ಇಳುದ್ಲು. ನೀವು ಬಿಟ್ಟು ಬಂದ್ರಿ.”

ತಿರುಗಿ ನೋಡಿದೆ. ಹಿಂದೆ ಬ್ಯಾಗಿತ್ತು, ದಿಂಬಿತ್ತು, ಅವಳ ಫೋನೂ ಇತ್ತು.

“ನೀವು ನಿದ್ದೆ ಮಾಡ್ತಿರಲಿಲ್ವಾ?”

“ತಿರುವು ನೋಡಿದ್ರೆ ಹೊಟ್ಟೆ ತೊಳಸ್ತದೆ ಅಂತ ಕಣ್ ಮುಚ್ಕಂಡಿದ್ದೆ.”

“ಆಗ್ಲೇ ಹೇಳಬಾರದಾ ಅತ್ತೆ?”

“ಮಾತಾಡಿಸಬ್ಯಾಡಿ ಅಂದೋರು ಯಾರು?”

ರಸ್ತೆ ಪಕ್ಕದಲ್ಲಿ ಆನೆ ದಾಟುವ ಜಾಗ ಎಂಬ ಬೋರ್ಡು ಕಾಣಿಸಿತು. ಸರೋಜಳ ಎದುರು ಆನೆ ಬಂದು ನಿಂತಂತೆ, ಅವಳು ಸೀತಾಫಲದ ಚೀಲ ಎದೆಗವಚಿಕೊಂಡಂತೆ ಕಣ್ಣಿಗೆ ಕಟ್ಟಿತು. ಅಲ್ಲೇ ಕಾರು ತಿರುಗಿಸಲು ಹೋದೆ. ಮುಂದೆ ಬಂಡೆ, ಹಿಂದೆ ತಗ್ಗು. ಹಿಂದೆ ಮುಂದೆ, ಹಿಂದೆ ಮುಂದೆ ಎಂದು ಆರು ಸಲ ಆಡಿಸಿದ ಮೇಲೆ ಕಾರು ರಸ್ತೆಗೆ ಅಡ್ಡಲಾಗಿ ನಿಂತು, ಇನ್ನು ತಾನು ಅಲ್ಲಾಡುವುದಿಲ್ಲ ಎಂದು ಆಫಾಯಿತು.

ಅಷ್ಟರಲ್ಲಿ ಡೆಂಕಣಿಕೋಟೆ ಕಡೆಯಿಂದ ಬಸ್ಸು ಬಂದು ಹಾರ್ನ್ ಹೊಡೆಯಿತು. ಕಂಡಕ್ಟರ್ ಇಳಿದು ಬಂದ. ನಾನು ಅಳುವ ದನಿಯಲ್ಲಿ, ಹೆಂಡತಿಯನ್ನು ಬಿಟ್ಟು ಬಂದಿದ್ದೇನೆ ಎಂದು ಹೇಳಿದೆ.

ಅವನ ಮುಖ ಅರಳಿತು. “ಓ, ಅದು ನೀಂಗದಾನಾ?” ನೀವೇನಾ ಅದು ಎಂದು ತಮಿಳಲ್ಲಿ ಕೇಳಿ, ಬಸ್ಸಿನ ಕಡೆ ತಿರುಗಿ ಕೈ ಬೀಸಿದ. ಒಂದೊಂದು ಕಿಟಕಿಯಿಂದಲೂ ಒಂದೊಂದು ತಲೆ ಹೊರಬಂತು. ಮೂರನೇ ಕಿಟಕಿಯ ತಲೆ ಸರೋಜಳದು. ಸೀತಾಫಲ ತಿನ್ನುತ್ತಿದ್ದಳು.

ಓಡಿ ಹೋದೆ. ನಿಜ ಹೇಳಬೇಕೆಂದರೆ ಕಣ್ಣಲ್ಲಿ ನೀರು ಬಂದಿತ್ತು. “ಇಳಿ ಸರೋಜ, ತಪ್ಪಾಯ್ತು.”

“ನಾನ್ ಇಳಿಯಲ್ಲ. ನಾಟ್ರಾಂಪಾಳ್ಯಕ್ಕೆ ಟಿಕೆಟ್ ತಗಂಡಿದ್ದೀನಿ,” ಅಂದಳು. ಬೀಜ ಉಗಿದು, “ಎಷ್ಟು ದೂರ ಆದ್ಮೇಲೆ ಗೊತ್ತಾಯ್ತು?” ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಉತ್ತರ ಬಂತು. “ಯುಗಾದಿ ವಿಷ್ಯ ಮುಗುದ್ಮೇಲೆ,” ಅಂದ ಅತ್ತೆ, ಸೆರಗು ಸಿಕ್ಕಿಸಿಕೊಂಡು ಬಸ್ಸು ಹತ್ತಿ ಮಗಳ ಪಕ್ಕ ಕೂತರು. ಕೂತ ತಕ್ಷಣ ಅವಳ ಕಿವಿಯಲ್ಲಿ ಹೇಳಲು ಶುರುಮಾಡಿದರು.

ಬಸ್ಸಿನ ಡ್ರೈವರ್ ಇಳಿದು ಬಂದು ಎರಡೇ ತಿರುವಿನಲ್ಲಿ ನನ್ನ ಕಾರನ್ನು ನೆಟ್ಟಗೆ ಮಾಡಿ, ಏನೂ ಅನ್ನದೆ ಬೀಗದ ಕೈ ಕೊಟ್ಟ. ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ನಾಟ್ರಾಂಪಾಳ್ಯದವರೆಗೂ ಒಬ್ಬನೇ ಆ ಬಸ್ಸಿನ ಹಿಂದೆ ಹೋದೆ. ಓವರ್‌ಟೇಕ್ ಮಾಡುವ ಧೈರ್ಯ ಬರಲಿಲ್ಲ. ಊಟಕ್ಕೆ ಕೂತಾಗ ಸರೋಜ ಅಕ್ಕನಿಗೆ ದಾರಿಯ ಬೆಟ್ಟ, ಕಣಿವೆ, ಹುಣಸೆ ತೋಪು, ರಸ್ತೆ ದಾಟಿದ ನವಿಲು ಎಲ್ಲವನ್ನೂ ಬಣ್ಣಿಸಿದಳು. ಬಸ್ಸಿನ ಕಿಟಕಿ ಎತ್ತರವಂತೆ, ಬಹಳ ಚೆನ್ನಾಗಿ ಕಾಣುತ್ತದಂತೆ.

“ನೀನೇನ್ ನೋಡ್ದಪ್ಪ?” ಎಂದು ಷಡ್ಡಕ ನನ್ನನ್ನು ಕೇಳಿದ.

ಬಸ್ಸಿನ ಹಿಂಬದಿಯಲ್ಲಿ ಅಂತರ ಕಾಯ್ದುಕೊಳ್ಳಿ ಎಂದು ತಮಿಳಿನಲ್ಲಿ ಬರೆದಿದ್ದನ್ನು ನೋಡಿದೆ ಎಂದು ಹೇಳಲಾಗದೆ, ಇನ್ನೊಂದು ಸೌಟು ಸಾರು ಕೇಳಿದೆ.