ಜಯನ ಪುಟ್ ಅಪ್ ವಿತ್

ಅವತ್ತು ಬೆಳಿಗ್ಗೆ ಲಿಗೋರಿಯವರು ಹಾಲು ತರಲು ಹೊರಟದ್ದೇ ತಪ್ಪಾಯಿತು. ಗೇಟಿನಲ್ಲಿ ಪಕ್ಕದ ಮನೆಯ ಜಯ ಸಿಕ್ಕಿದ. ಸಿಕ್ಕಿದವನು ಸುಮ್ಮನಿರಲಾರದೆ ಬಾಯಿಬಿಟ್ಟ.

"ಮೂರು ಗಂಟೆಗೆ ವೀಡಿಯೊ ಇಂಟರ್‌ವ್ಯೂ ಉಂಟು ಲಿಗೋರಿಯವರೇ. ದುಬೈಯಲ್ಲಿ, ಸ್ಟೋರ್ ಕೀಪರ್ ಕೆಲಸಕ್ಕೆ."

ಉರ್ವ ಮಾರ್ಕೆಟ್ಟಿನ ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ, ಬೋಲ್ಟು ತೂಗುತ್ತಲೇ ತಲೆಕೂದಲು ಉದುರಿಸಿಕೊಂಡವನು ಜಯ. ಆ ಅಂಗಡಿ ಮುಚ್ಚಿದ ಮೇಲೆ ಹೆಂಡತಿ ಹೇಮಾಕ್ಷಿಯ ಹೊಲಿಗೆ ಮೆಷಿನ್ ಒಂದೇ ಮನೆ ನಡೆಸುತ್ತಿತ್ತು. ಈ ಕೆಲಸವೂ ತಪ್ಪಿದರೆ ಮುಂದೇನು ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಆದ್ದರಿಂದ ಇಬ್ಬರೂ ಆ ಮಾತೆತ್ತುತ್ತಿರಲಿಲ್ಲ.

ಲಿಗೋರಿಯವರು ಕುವೈತಿನಲ್ಲಿ ದುಡಿದು ಬಂದವರು. ಕೆಟ್ಟ ಎಕ್ಸ್‌ರೇ ಕಂಡ ಡಾಕ್ಟರರ ಹಾಗೆ ಮುಖ ಸಣ್ಣದು ಮಾಡಿದರು.

"ಪುಟ್ ಅಪ್ ವಿತ್ ಗೊತ್ತುಂಟಾ?"

"ಎಂತದು?"

"ಸತ್ತೆ ಮಾರಾಯ! 'ಕ್ಯಾನ್ ಯು ಪುಟ್ ಅಪ್ ವಿತ್ ದ ಹೀಟ್' ಅಂತ ಕೇಳಿಯೇ ಕೇಳ್ತಾರೆ. ನಮ್ಮ ಭಾವನ ಮಗ ಆನ್ಸನ್ ಉತ್ತರ ಗೊತ್ತಿಲ್ಲದೆ ಕೂತ. ಈಗ ಬಜಪೆಯಲ್ಲಿ ರಿಕ್ಷಾ ಓಡಿಸ್ತಾನೆ."

ಲಿಗೋರಿಯವರು ಜಯನ ಕೈಹಿಡಿದು ನೇರ ತಮ್ಮ ಹೆಂಡತಿಯ ಮುಂದೆ ತಂದು ನಿಲ್ಲಿಸಿದರು. ಕ್ರಿಸ್ಟಿನ್ ಟೀಚರ್ ನಿವೃತ್ತರಾಗಿದ್ದರೂ ಅವರ ಸ್ಟೀಲ್ ಸ್ಕೇಲು ಇನ್ನೂ ಸೇವೆಯಲ್ಲಿತ್ತು.

"ಪುಟ್ ಅಂದ್ರೆ ಇಡುವುದು, ಅಪ್ ಅಂದ್ರೆ ಮೇಲೆ, ವಿತ್ ಅಂದ್ರೆ ಒಟ್ಟಿಗೆ. ಮೂರೂ ಸೇರಿದ್ರೆ ಸಹಿಸಿಕೊಳ್ಳುವುದು," ಎಂದರು ಟೀಚರ್.

"ಇಡುವುದು ಯಾರು, ಸಹಿಸುವುದು ಯಾರು ಟೀಚರ್?"

ಸ್ಕೇಲು ಮೇಜಿಗೆ ಬಡಿಯಿತು. "ತರ್ಲೆ ಬೇಡ. ಟಾಲರೇಟ್, ಎಂಡ್ಯೂರ್, ಬೇರ್, ಸ್ಟ್ಯಾಂಡ್. ಹೇಳು!"

ಜಯ ಹೇಳಿದ. ತಪ್ಪಿದ. ಮತ್ತೆ ಹೇಳಿದ. ಟೀಚರರ ಮಗ ಶೆರ್ವಿನ್ ಡಿಪ್ಲೊಮಾ ಮುಗಿಸಿದಂದಿನಿಂದ ಸೋಫಾ ಬಿಟ್ಟೆದ್ದವನಲ್ಲ. ಅಲ್ಲೇ ಮಲಗಿ ಮೊಬೈಲಿನಲ್ಲಿ ಆಟವಾಡುತ್ತ, ಜಯ ತಪ್ಪಿದಾಗಲೆಲ್ಲ ನಗುತ್ತಿದ್ದ.

"ಇನ್ನೊಂದು ಮಾತು," ಎಂದರು ಲಿಗೋರಿ ಗುಟ್ಟಿನ ದನಿಯಲ್ಲಿ. "ಅಲ್ಲಿ ಕೂತವರು ನಮ್ಮ ಊರಿನವರೇ ಇದ್ರೆ ಜಾಗ್ರತೆ. ನಯವಾಗಿ ತುಳುವಿನಲ್ಲಿ ಮಾತಾಡಿಸ್ತಾರೆ. ಅದು ಬಲೆ. ತುಳುವಿಗೆ ಇಳಿದೆಯೋ, ಇಂಗ್ಲಿಷ್ ಬರುವುದಿಲ್ಲ ಅಂತ ಬರೆದು ಬಿಸಾಡ್ತಾರೆ."

"ಈಗಿಂದಲೇ ತುಳು ಬಂದ್," ಎಂದು ಟೀಚರ್ ತೀರ್ಪು ಕೊಟ್ಟರು.

ಮಧ್ಯಾಹ್ನ ಹೇಮಾಕ್ಷಿ ಬಂಗುಡೆ ಮೀನಿನ ಪುಳಿಮುಂಚಿ ಸಾರು ಬಡಿಸಿದಳು. ಜಯ ಒಂದು ತುತ್ತು ಬಾಯಿಗಿಟ್ಟು ತಟ್ಟೆ ಸರಿಸಿದ.

"ಉಪ್ಪು ಹೆಚ್ಚಾಯ್ತಾ?" ಎಂದಳು.

"ಐ ಕ್ಯಾನ್ ಟಾಲರೇಟ್," ಎಂದ ಜಯ. ಹೇಮಾಕ್ಷಿ ಗಾಬರಿಯಿಂದ ಗಂಡನ ಹಣೆ ಮುಟ್ಟಿ ನೋಡಿದಳು.

ಮೂರು ಗಂಟೆಗೆ ಶೆರ್ವಿನ್ ಬಂದು ಜಯನ ಮೊಬೈಲನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ಹೋದ. ಹೇಮಾಕ್ಷಿ ಬಾಗಿಲಲ್ಲಿ ಸೆರಗಿನ ತುದಿ ಕಚ್ಚಿ ನಿಂತಳು. ಟೀಚರ್ ಮೊಬೈಲಿನ ಹಿಂದೆ ಸ್ಕೇಲು ಹಿಡಿದು ನಿಂತರು. ಪರದೆಯಲ್ಲಿ ಒಂದು ದುಂಡು ಮುಖ ಮೂಡಿತು.

"ಗುಡ್ ಆಫ್ಟರ್‌ನೂನ್. ಐ ಆಮ್ ಸುಲೈಮಾನ್, ಸ್ಟೋರ್ಸ್ ಮ್ಯಾನೇಜರ್." ಕೈಯಲ್ಲಿದ್ದ ಕಾಗದ ನೋಡುತ್ತಲೇ ಆ ಮುಖ ಅರಳಿತು. "ಓ, ಉರ್ವನಾ! ನಾನು ಉಳ್ಳಾಲ. ಈರೆನ ಇಲ್ಲ್ ಓಲು?"

ನಿಮ್ಮ ಮನೆ ಎಲ್ಲಿ ಎಂದು ಇಷ್ಟು ಪ್ರೀತಿಯಿಂದ ಈಚೆಗೆ ಯಾರೂ ಕೇಳಿರಲಿಲ್ಲ. ಉತ್ತರ ಜಯನ ನಾಲಿಗೆಯ ತುದಿಗೆ ಬಂತು. ಮೊಬೈಲಿನ ಹಿಂದೆ ಸ್ಕೇಲು ಮೇಲೆದ್ದಿತು.

"ಮೈ ಹೌಸ್ ಈಸ್ ನಿಯರ್ ಮಾರ್ಕೆಟ್, ಸರ್."

"ತುಳು ಬರ್ಪುಂಡತ್ತಾ?" ಸುಲೈಮಾನ್ ನಕ್ಕರು.

ಬರುತ್ತದೆ ಎನ್ನಲು ಮನಸ್ಸು ಒದ್ದಾಡಿತು. ಇದೇ ಬಲೆ! ಜಯ ನೆಟ್ಟಗೆ ಕೂತ. "ಇಂಗ್ಲಿಷ್ ಪ್ಲೀಸ್, ಸರ್."

ಸುಲೈಮಾನರ ನಗು ಅರ್ಧಕ್ಕೆ ನಿಂತಿತು. ಆದರೂ ಬಿಡದೆ ಕೇಳಿದರು, "ವಣಸ್ ಆಂಡಾ?"

ಊಟ ಆಗಿರಲಿಲ್ಲ. ಆದರೆ ಕಲಿತದ್ದನ್ನೆಲ್ಲ ಸುರಿಯಲು ಇದೇ ಸಮಯವೆಂದು ಜಯ ಎದೆಯುಬ್ಬಿಸಿದ. "ಐ ಕ್ಯಾನ್ ಪುಟ್ ಅಪ್ ವಿತ್, ಸರ್! ಟಾಲರೇಟ್, ಎಂಡ್ಯೂರ್, ಬೇರ್, ಸ್ಟ್ಯಾಂಡ್!"

ಸುಲೈಮಾನ್ ಕಾಗದ ಕೆಳಗಿಟ್ಟು ಬೇಸರದಿಂದ ಹೇಳಿದರು. "ನೋಡಿ, ನಮ್ಮ ಗೋದಾಮಿನಲ್ಲಿ ಇರುವುದೆಲ್ಲ ನಮ್ಮ ಊರಿನ ಮಕ್ಕಳೇ. ಅವರೊಟ್ಟಿಗೆ ಊರಿನ ಹಾಗೆ ಮಾತಾಡುವ ಜನ ಬೇಕಿತ್ತು. ಊರಿನ ಭಾಷೆಗೇ ನಾಚಿಕೊಳ್ಳುವವರು ನಮಗೆ ಆಗುವುದಿಲ್ಲ."

ಟೀಚರ್ ಗಾಬರಿಯಾಗಿ ಜಯನನ್ನು ತಳ್ಳಿ ಮೊಬೈಲಿನ ಎದುರು ಬಂದರು. "ಇಲ್ಲ ಇಲ್ಲ, ತಪ್ಪು ತಿಳಿಯಬೇಡಿ..."

ಸುಲೈಮಾನ್ ಕುರ್ಚಿಯಿಂದ ಧಡಕ್ಕನೆ ಎದ್ದು ನಿಂತರು. "ಕ್ರಿಸ್ಟಿನ್ ಟೀಚರ್! ಉಳ್ಳಾಲ ಶಾಲೆಯಲ್ಲಿ ನಿಮ್ಮ ಕೈಯಿಂದ ಎಷ್ಟು ಪೆಟ್ಟು ತಿಂದಿದ್ದೇನೆ ಟೀಚರ್! ಆ ಸ್ಕೇಲ್ ಇನ್ನೂ ಉಂಟಾ?"

ಆಮೇಲೆ ಇಬ್ಬರೂ ತುಳುವಿನಲ್ಲಿ ನಕ್ಕರು, ತುಳುವಿನಲ್ಲಿ ಕಣ್ಣೊರೆಸಿಕೊಂಡರು. ಕಟ್ಟೆಯೊಡೆದ ಹಾಗೆ ಜಯನೂ ತುಳುವಿನಲ್ಲಿ ತನ್ನ ಕತೆ ಹೇಳತೊಡಗಿದ. ಟೀಚರ್ ತಿರುಗಿಯೂ ನೋಡದೆ, ಹಳೆಯ ಅಭ್ಯಾಸದಿಂದ, "ಇಂಗ್ಲಿಷ್, ಜಯ!" ಎಂದು ಗದರಿದರು.

"ಮಗ ಎಂತ ಮಾಡ್ತಾನೆ ಟೀಚರ್?" ಎಂದು ಸುಲೈಮಾನ್ ಕೇಳಿದ್ದು ಜಯನಿಗೆ ಸ್ಪಷ್ಟವಾಗಿ ಕೇಳಿಸಿತು.

ಸಂಜೆ ಟೀಚರ್ ತಟ್ಟೆ ತುಂಬ ಕೇಕು ಹಿಡಿದು ಬಂದರು. ಹೇಮಾಕ್ಷಿ ಒಳಗೆ ಮೆಷಿನನ್ನು ಜೋರಾಗಿ ತುಳಿಯುತ್ತಿದ್ದಳು, ಹೊರಗೆ ಬರಲಿಲ್ಲ. ಜಯನಿಗೆ ಅಳು ಬಂದಿತ್ತು. ಆದರೂ ಕೇಕು ತೆಗೆದುಕೊಂಡ.

"ನಾನು ನಿನ್ನ ಬಗ್ಗೆಯೂ ಹೇಳಿದೆ ಜಯ. ಆದ್ರೆ ಗುರುವಿನ ಋಣ ಅಂತ ಸುಲೈಮಾನ್ ಕೇಳಲೇ ಇಲ್ಲ, ಶೆರ್ವಿನ್‌ಗೇ ಕೆಲಸ ಕೊಟ್ಟ. ಬೇಸರ ಮಾಡಬೇಡ ಆಯ್ತಾ? ಪುಟ್ ಅಪ್ ವಿತ್ ಅಂದ್ರೆ ಎಂತ, ಹೇಳು ನೋಡುವ."

"ಟಾಲರೇಟ್, ಎಂಡ್ಯೂರ್, ಬೇರ್, ಸ್ಟ್ಯಾಂಡ್," ಎಂದ ಜಯ, ಒಂದೂ ತಪ್ಪಿಲ್ಲದೆ.

"ಶಾಭಾಸ್!" ಟೀಚರರ ಮುಖ ಅರಳಿತು. "ನಾಳೆಯಿಂದ ಸ್ವಲ್ಪ ಶೆರ್ವಿನ್‌ಗೂ ಹೇಳಿಕೊಡು ಮಾರಾಯ. ಆ ಮೊಳೆ, ಬೋಲ್ಟಿನ ಲೆಕ್ಕ ಅವನಿಗೆ ಒಂದೂ ಗೊತ್ತಿಲ್ಲ."