ಖಾನಾಪುರದ ಗೋಲ್‌ಕೀಪರ್ ಮತ್ತು ನನ್ನ ತೌಲನಿಕ ಅಧ್ಯಯನ

ಒಬ್ಬ ತಂದೆಯ ಹೆದರಿಕೆಯನ್ನು ಹೋಗಲಾಡಿಸಲು ಎಷ್ಟು ಹೊತ್ತು ಬೇಕು? ನನ್ನ ಅಂದಾಜಿನಲ್ಲಿ ಅರ್ಧ ಗಂಟೆ. ಅದರಲ್ಲಿ ಚಹಾ ಕುಡಿಯುವ ಹತ್ತು ನಿಮಿಷವೂ ಸೇರಿತ್ತು!

ನಾನು ಬೆಳಗಾವಿಯ ಮಹಾಂತೇಶ ನಗರದಿಂದ ದಿನಾ ಬಸ್ ಹಿಡಿದು ಖಾನಾಪುರದ ಒಂದು ಕಾಲೇಜಿಗೆ ಹೋಗಿ ಕನ್ನಡ ಕಲಿಸುವವನು. ಮೂರು ವರ್ಷಗಳ ಹಿಂದೆ ಪ್ರಿನ್ಸಿಪಾಲರು ಕರೆದು, "ಪಟ್ಟಣಶೆಟ್ಟರ, ನಿಮಗ ಕ್ರೀಡಾ ವಿಭಾಗ ಕೊಟ್ಟೀನಿ" ಎಂದರು.

"ಸರ್, ನನಗ ಯಾವ ಆಟಾನೂ ಬರಂಗಿಲ್ರೀ."

"ಆಡೂದು ಹುಡುಗ್ರು. ನೀವು ಸಹಿ ಮಾಡ್ರಿ."

ಅಂದಿನಿಂದ ಸಹಿ ಮಾಡುತ್ತಲೇ ಇದ್ದೆ. ಯಾರಿಗೂ ತೊಂದರೆಯಾಗಿರಲಿಲ್ಲ. ತೊಂದರೆ ಶುರುವಾದದ್ದು ನಾನು ಸಹಿ ಬಿಟ್ಟು ಸೇವೆಗೆ ಇಳಿದಾಗ.

ಬಿ.ಎ. ಎರಡನೇ ವರ್ಷದ ರುಕ್ಸಾನಾ ನಮ್ಮ ಕಾಲೇಜಿನ ಹೆಮ್ಮೆ. ಚಿಕ್ಕಂದಿನಿಂದ ಬೆಳಗಾವಿಗೆ ಹೋಗಿ ಗಾಲಿ ಸ್ಕೇಟಿಂಗ್ ಕಲಿತಳು. ಆಮೇಲೆ ಎರಡು ಚಳಿಗಾಲ ಲಡಾಖಿನಲ್ಲಿ ಮಂಜಿನ ಮೇಲೆ ಆಡಿದಳು. ಈಗ ಭಾರತದ ಮಹಿಳಾ ಐಸ್ ಹಾಕಿ ತಂಡಕ್ಕೇ ಆಯ್ಕೆಯಾಗಿದ್ದಳು! ಏಷ್ಯಾದ ಕೆಲವು ದೇಶಗಳು ಸೇರುವ ಪಂದ್ಯಾವಳಿ. ಮಂಗಳವಾರ ಶಿಬಿರಕ್ಕೆ ಹೊರಡಬೇಕು. ಖಾನಾಪುರದಲ್ಲಿ ಐಸ್ ಎಂದರೆ ಕಬ್ಬಿನ ಹಾಲಿನಲ್ಲಿ ತೇಲುವ ತುಂಡು, ಮೀನಿನ ಬುಟ್ಟಿಯ ಮೇಲೆ ಸುರಿಯುವ ಪುಡಿ, ಅಷ್ಟೇ. ಅಂಥ ಊರಿನ ಹುಡುಗಿ!

ಶುಕ್ರವಾರ ಅವಳು ಕೆಂಪು ಕಣ್ಣು ಮಾಡಿಕೊಂಡು ಸ್ಟಾಫ್ ರೂಮಿಗೆ ಬಂದಳು.

"ಅಬ್ಬಾ ಬ್ಯಾಡ ಅಂದ್ರು ಸರ್."

"ಇಷ್ಟು ದಿನ ಬಿಟ್ಟಿದ್ರಲ್ಲ?"

"ಇಷ್ಟು ದಿನ ಅವ್ರಿಗೆ ಸ್ಕೇಟಿಂಗ್ ಅಷ್ಟ ಗೊತ್ತಿತ್ರಿ. ಲಡಾಖಕ್ಕ ಬರ್ಫ ನೋಡಾಕ ಹೊಂಟಾಳ ಅಂತ ಅಮ್ಮಿ ಹೇಳಿದ್ರು. ಮೊನ್ನೆ ಬೇಕರಿಗೆ ಬಂದ ಗಿರಾಕಿ ಯಾರೋ ಫೋನಿನ್ಯಾಗ ಮ್ಯಾಚ್ ತೋರಿಸ್ಯಾರ. ಅವತ್ತಿನಿಂದ ಊಟಾನೂ ಸರಿ ಮಾಡವಲ್ರು. ಅವ್ರು ಹೂಂ ಅನ್ನದ ನಾ ಹೋಗಂಗಿಲ್ಲ ಸರ್."

ನನ್ನೊಳಗಿನ ಗುರು ಎದ್ದು ನಿಂತ. "ರವಿವಾರ ನಾನ ಮನಿಗೆ ಬರ್ತೀನಿ. ನೀ ಚಿಂತಿ ಬಿಡು" ಎಂದೆ. ಅವಳು ಚಿಂತೆ ಬಿಡಲಿಲ್ಲ. ಜಾಣ ಹುಡುಗಿ.

ನನ್ನ ಸಿದ್ಧಾಂತ ಸರಳವಾಗಿತ್ತು: ಮನುಷ್ಯ ಹೆದರುವುದು ಗೊತ್ತಿಲ್ಲದ್ದಕ್ಕೆ. ಎಲ್ಲವನ್ನೂ ಗೊತ್ತುಮಾಡಿಕೊಟ್ಟರೆ ಹೆದರಿಕೆ ತಾನಾಗಿಯೇ ಹೋಗುತ್ತದೆ. ಆದ್ದರಿಂದ "ಅಂತಾರಾಷ್ಟ್ರೀಯ ಐಸ್ ಹಾಕಿ ತಂಡಗಳ ತಾರಾ ಪ್ರತಿಭೆ: ಒಂದು ತೌಲನಿಕ ಅಧ್ಯಯನ" ಎಂಬ ತಲೆಬರಹದಲ್ಲಿ ನಾಲ್ಕು ಚಾರ್ಟ್ ಬರೆಯಲು ಕುಳಿತೆ. ಫೋನಿನಲ್ಲಿ ಐಸ್ ಹಾಕಿ ತಾರೆಯರನ್ನು ಹುಡುಕಿದರೆ ಕೆನಡಾ, ಅಮೆರಿಕ, ಸ್ವೀಡನ್, ಫಿನ್‌ಲ್ಯಾಂಡ್ ಸಾಲಾಗಿ ಬಂದವು. ಎಲ್ಲವನ್ನೂ ಇಳಿಸಿಕೊಂಡೆ. ದೇಶ, ಆಟಗಾರ, ಎತ್ತರ, ಹೊಡೆತ, ವಿಶೇಷ ಎಂದು ಐದು ಅಂಕಣ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ನನಗೆ ಊಟ ಸೇರದಾಯಿತು. ಆ ವಿಡಿಯೋಗಳನ್ನು ನೀವು ನೋಡಬಾರದು! ಬಾಗಿಲಿನಷ್ಟು ಅಗಲದ ಮನುಷ್ಯ ಬಾಗಿಲಿನಷ್ಟೇ ಅಗಲದ ಇನ್ನೊಬ್ಬನನ್ನು ಗಾಜಿನ ಗೋಡೆಗೆ ಒತ್ತಿ ಬಿಡುತ್ತಾನೆ. ಪಕ್ ಎಂಬ ಕಪ್ಪು ರಬ್ಬರ್ ಬಿಲ್ಲೆ ಖಾನಾಪುರ ದಾಟುವ ಎಕ್ಸ್‌ಪ್ರೆಸ್ ರೈಲಿಗಿಂತ ಜೋರಾಗಿ ಬರುತ್ತದೆ. ಗೆದ್ದವನು ನಗುತ್ತಾನೆ, ಮುಂದಿನ ಹಲ್ಲು ಇರುವುದಿಲ್ಲ. ಒಂದೊಂದು ಹೊಡೆತಕ್ಕೂ ನಾನು ಸೋಫಾದ ಮೇಲೆ ಕಾಲು ಎತ್ತಿಕೊಳ್ಳುತ್ತಿದ್ದೆ.

ನನ್ನ ಹೆಂಡತಿ ಗಿರಿಜಾ ಚಾರ್ಟಿನ ಮೇಲೆ ಬಗ್ಗಿ ಓದಿದಳು. "ಕೆನಡಾ, ವಿಶೇಷ: ಮೂಗು ಮೂರು ಸಲ ಮುರಿದಿದೆ. ಅಮೆರಿಕ, ವಿಶೇಷ: ಎರಡು ಹಲ್ಲಿಲ್ಲ. ಇದನ್ನ ಆ ಅಪ್ಪಗ ತೋರಸ್ತೀರಿ?"

"ವಸ್ತುನಿಷ್ಠ ಆಗಿರಬೇಕು."

"ಹಲ್ಲಿಲ್ಲಂತ ಯಾಕ ಬರದೀರಿ?"

"ಅದು ಅವರ ಅನುಭವ ತೋರಸ್ತೈತಿ."

"ಭಾರತದ ಮುಂದ ಏನು ಬರದೀರಿ?"

ಕೊನೆಯ ಚಾರ್ಟಿನ ತಳದಲ್ಲಿ ನನಗೆ ಗೊತ್ತಿದ್ದಷ್ಟನ್ನು ಬರೆದಿದ್ದೆ: ರುಕ್ಸಾನಾ, ಹಾಜರಾತಿ ಉತ್ತಮ.

ಗಿರಿಜಾ ಪೆನ್ನಿಗೆ ಮುಚ್ಚಳ ಹಾಕಿ ನನ್ನ ಕೈಗಿಟ್ಟು ಒಳಗೆ ಹೋದಳು. ಅದೇ ಒಂದು ಎಚ್ಚರಿಕೆ ಎಂದು ತಿಳಿಯಬೇಕಿತ್ತು. ಇಪ್ಪತ್ತಾರು ವರ್ಷ ಸಂಸಾರ ಮಾಡಿಯೂ ತಿಳಿಯಲಿಲ್ಲ.

ರವಿವಾರ ಬೆಳಿಗ್ಗೆ ಹತ್ತು ಗಂಟೆಗೆ ಚಾರ್ಟಿನ ಸುರುಳಿ ಹಿಡಿದು ಮೆಹಬೂಬ ಸಾಹೇಬರ ಬೇಕರಿಗೆ ಮುಟ್ಟಿದೆ. ಮುಂದೆ ಅಂಗಡಿ, ಹಿಂದೆ ಭಟ್ಟಿ, ಅದರ ಬಾಜು ಸಿಮೆಂಟಿನ ಅಂಗಳ, ಅದಕ್ಕೆ ಹೊಂದಿ ಮನೆ. ಮೆಹಬೂಬ ಸಾಹೇಬರು ಗಟ್ಟಿ ಆಳು. ಹಿಟ್ಟು ನಾದಿ ನಾದಿ ಕೈಗಳು ಕಂಬದ ಹಾಗಿವೆ. ಆದರೆ ನನ್ನನ್ನು ನೋಡುತ್ತಲೇ ಒಂದು ಹೆಜ್ಜೆ ಹಿಂದೆ ಸರಿದರು.

"ಬರ್ರಿ ಸರ್, ಕುಂದರ್ರಿ. ನೀವು ಯಾಕ ಬಂದೀರಿ ಗೊತ್ತೈತಿ. ನಾ ಹುಟ್ಟಿದಾಗಿಂದ ಭಟ್ಟಿ ಮುಂದ ಅದೀನ್ರಿ. ಬೆಂಕಿ ನನಗ ಗೊತ್ತೈತಿ. ಬರ್ಫ ಗೊತ್ತಿಲ್ರೀ."

"ಅದನ್ನ ತಿಳಸಾಕ ಬಂದೀನ್ರಿ!" ಎಂದು ನಾನು ಉತ್ಸಾಹದಿಂದ ಚಾರ್ಟ್ ಬಿಡಿಸಿದೆ.

ರುಕ್ಸಾನಾ ಒಂದು ತುದಿ ಹಿಡಿದಳು, ಅವಳ ತಾಯಿ ಫಾತಿಮಾ ಬೇಗಂ ಇನ್ನೊಂದು ತುದಿ ಹಿಡಿದರು. ನಾನು ಕಡ್ಡಿಯಿಂದ ತೋರಿಸುತ್ತ ಶುರುಮಾಡಿದೆ. ಕೆನಡಾದವರ ಎತ್ತರ ಹೇಳುವಾಗ ಸಾಹೇಬರು ಬಾಗಿಲ ಚೌಕಟ್ಟನ್ನು ನೋಡಿದರು. ಅಮೆರಿಕದ ಹೊಡೆತಕ್ಕೆ ಬಂದಾಗ ಚಹಾ ಕೆಳಗಿಟ್ಟರು. ಸ್ವೀಡನ್ನಿನ ಮುರಿದ ದವಡೆಯ ವಿಚಾರಕ್ಕೆ ಫಾತಿಮಾ ಬೇಗಂ "ಯಾ ಅಲ್ಲಾಹ್" ಎಂದರು, ಚಾರ್ಟಿನ ಆ ತುದಿ ಕೆಳಗೆ ಬಿತ್ತು. ನನಗೆ ಮಾತ್ರ ನಿಲ್ಲಿಸಲು ಬರಲಿಲ್ಲ. ಮೂವತ್ತು ವರ್ಷದ ಮಾಸ್ತರಿಕೆ ಅದು, ಗಂಟೆ ಹೊಡೆಯದೆ ನಿಲ್ಲುವುದಿಲ್ಲ!

"ಸರ್," ರುಕ್ಸಾನಾ ಮೆಲ್ಲಗೆ ಹೇಳಿದಳು, "ನಾವು ಕೆನಡಾ ಕೂಡ ಆಡೂದೇ ಇಲ್ರೀ."

"ಅಂದ್ರ?"

"ಇದು ಏಷ್ಯಾದ್ದು ಸರ್. ಥೈಲ್ಯಾಂಡ್, ಫಿಲಿಪೀನ್ಸ್, ಇರಾನ್ ಹಿಂಗ. ಮತ್ತ ನೀವು ಬರದವ್ರೆಲ್ಲಾ ಗಂಡಸ್ರು."

ನಾನು ಚಾರ್ಟ್ ನೋಡಿದೆ. ನಾಲ್ಕೂ ಚಾರ್ಟಿನ ತುಂಬ ಗಂಡಸರು. ಅರ್ಧಕ್ಕರ್ಧ ಮಂದಿಗೆ ಗಡ್ಡವೂ ಇತ್ತು!

ಈ ಹಂತದಲ್ಲಿ ಎದ್ದು ನಮಸ್ಕಾರ ಹೇಳಿ ಬಸ್ ಹಿಡಿದಿದ್ದರೆ ನಷ್ಟ ಕಡಿಮೆಯಿತ್ತು. ಆದರೆ ಪರಿಸ್ಥಿತಿ ಸುಧಾರಿಸುವ ಸಲುವಾಗಿ, "ನೋಡ್ರಿ ಸಾಹೇಬ್ರ, ಓಡ್ಯಾಡೂ ಆಟಗಾರ್ರಿಗೆ ಸ್ವಲ್ಪ ಧಕ್ಕಿ ಆಗಬಹುದು. ಬಿಲ್ಲೆ ನೇರ ಬಡಿಯೂದು ಗೋಲ್‌ಕೀಪರಿಗೆ ಮಾತ್ರ. ಪಾಪ, ಅಕಿ ಒಬ್ಬಾಕಿ ನಿಂತಲ್ಲೇ ನಿಂತು ಎಲ್ಲಾ ತಿನಬೇಕು" ಎಂದು ಸಮಾಧಾನ ಹೇಳಿದೆ.

ರುಕ್ಸಾನಾ ನೆಲ ನೋಡಿದಳು.

"ಸರ್," ಮೆಹಬೂಬ ಸಾಹೇಬರು ಎದ್ದು ನಿಂತರು, "ನನ್ನ ಮಗಳು ಗೋಲ್‌ಕೀಪರ್ ಅದಾಳ್ರಿ."

ಎರಡು ವರ್ಷ ಆ ಹುಡುಗಿಯ ಅರ್ಜಿಗಳಿಗೆ ಸಹಿ ಹಾಕಿದ್ದೆ. ಒಂದನ್ನಾದರೂ ಓದಬೇಕಿತ್ತು.

"ಖರೇ ಹೇಳ್ರಿ ಸರ್, ನಿಮ್ಮ ಮಗಳಿದ್ರ ಕಳಸ್ತಿದ್ರೇನು?" ಎಂದು ಅವರು ಕೇಳಿದರು. ಉತ್ತರ ನನ್ನ ಮುಖದ ಮೇಲೆಯೇ ಬರೆದಿರಬೇಕು. ಅದನ್ನು ಮುಚ್ಚಿಕೊಳ್ಳಲು ನಾನು ಜೀವನದ ಅತಿ ದೊಡ್ಡ ಮೂರ್ಖತನ ಮಾಡಿದೆ. "ಏನೂ ಆಗಂಗಿಲ್ರಿ! ಬೇಕಾದ್ರ ನಾನ ನಿಂತು ತೋರಸ್ತೀನಿ!"

ಬೇಡ ಎನ್ನುತ್ತಾರೆಂದು ಕಾದೆ. ಯಾರೂ ಅನ್ನಲಿಲ್ಲ!

ರುಕ್ಸಾನಾ ತನ್ನ ಸಾಮಾನು ತಂದಳು. ಎದೆಗೆ ಗಾದಿ, ಕಾಲಿಗೆ ಹಾಸಿಗೆಯಂಥ ಪ್ಯಾಡು, ಕೈಗೆ ಗವಸು, ಬಿಲ್ಲೆ ಹೊಡೆಯಲು ಕೋಲು, ತಲೆಗೆ ಕಬ್ಬಿಣದ ಜಾಳಿಗೆಯಿರುವ ಮಾಸ್ಕು. ಆ ಮಾಸ್ಕು ಅವಳ ತಲೆಯ ಅಳತೆಯದು. ನನ್ನ ತಲೆ ದೊಡ್ಡದು, ಅದು ವಿದ್ವತ್ತಿನ ಲಕ್ಷಣ ಎಂದು ಅಲ್ಲಿಯವರೆಗೆ ನಂಬಿದ್ದೆ. ಒತ್ತಿ ಒತ್ತಿ ಹಾಕಿಕೊಂಡೆ. ಅಂಗಳದಲ್ಲಿ ಎರಡು ಹಿಟ್ಟಿನ ಡಬ್ಬಿಗಳ ನಡುವೆ ನನ್ನನ್ನು ನಿಲ್ಲಿಸಿದರು. ಒಳಗೆ ನನ್ನ ಉಸಿರಾಟ ನನಗೇ ಕೇಳಿಸುತ್ತಿತ್ತು, ಯಾರೋ ಅಪರಿಚಿತ ಬೆನ್ನ ಹಿಂದೆ ನಿಂತು ಏದುಸಿರು ಬಿಟ್ಟ ಹಾಗೆ. ಕನ್ನಡಕ ತೆಗೆದಿದ್ದೆನಾದ್ದರಿಂದ ರುಕ್ಸಾನಾ ಮಬ್ಬು ಮಬ್ಬಾಗಿ ಕಂಡಳು. ಆ ಮಬ್ಬಿನಲ್ಲಿ ಅವಳಿಗೆ ಗಡ್ಡವಿದ್ದಂತೆ ತೋರಿತು!

ಅವಳು ಬಿಲ್ಲೆಯನ್ನು ಮೆಲ್ಲಗೆ ತಳ್ಳಿದಳು. ಮೆಲ್ಲಗೆ ಎಂದು ಆಮೇಲೆ ಎಲ್ಲರೂ ಸಾಕ್ಷಿ ಹೇಳಿದರು. ನನಗೆ ಕೇಳಿದ್ದು ಕಿರ್ರ್ ಎಂಬ ಸದ್ದು ಮಾತ್ರ. "ಗಿರಿಜಾ!" ಎಂದು ಕೂಗಿ ಹಿಂದಕ್ಕೆ ತಿರುಗಿ ಓಡಿದೆ. ಪ್ಯಾಡಿಗೆ ಪ್ಯಾಡು ಸಿಕ್ಕಿತು. ಆರಲು ಇಟ್ಟಿದ್ದ ಖಾರಿ ಬಿಸ್ಕತ್ತಿನ ತಟ್ಟೆಗಳ ಮೇಲೆ ಮುಖ ಕೆಳಗಾಗಿ ಬಿದ್ದೆ. ಬಿಲ್ಲೆ ಬಂದು ನನ್ನ ಬೂಟಿಗೆ ತಾಗಿ ನಿಂತಿತಂತೆ. ಲೆಕ್ಕಕ್ಕೆ ಗೋಲು ಆಗಲಿಲ್ಲ.

ಬಿದ್ದ ರಭಸಕ್ಕೆ ಮಾಸ್ಕು ಕಿವಿ ದಾಟಿ ಕೆಳಗಿಳಿದು ಗಟ್ಟಿಯಾಗಿ ಕೂತಿತು. ಮೂವರೂ ಎಳೆದರು. ತಲೆ ಬರುವ ಲಕ್ಷಣವಿತ್ತು, ಮಾಸ್ಕು ಬರುವ ಲಕ್ಷಣವಿರಲಿಲ್ಲ. ಉಸಿರು ಕಟ್ಟಿದಂತಾಗಿ ನನಗೆ ನಿಜವಾದ ಭಯ ಹತ್ತಿತು. ಉಳಿದ ಆಯುಷ್ಯವನ್ನೆಲ್ಲ ಜಾಳಿಗೆಯೊಳಗಿಂದ ಪಂಪನನ್ನು ಪಾಠ ಮಾಡುವ ನನ್ನ ಚಿತ್ರ ಕಣ್ಣ ಮುಂದೆ ಬಂತು.

"ಕೊಯ್ಯೂಣೇನು?" ಸಾಹೇಬರು ಕೇಳಿದರು.

"ಏ... ಏನನ್ರೀ?" ನಾನು ಕಿರುಚಿದೆ.

"ಮಾಸ್ಕ್ ರೀ."

"ಬ್ಯಾಡ ಅಬ್ಬಾ!" ರುಕ್ಸಾನಾ ನಡುವೆ ಬಂದಳು. "ನನ್ನ ಹಂತ್ಯಾಕ ಇರೂದು ಅದೊಂದ. ಅದಿಲ್ದ ಮಂಗಳವಾರ ನಾ..." ಅಷ್ಟಕ್ಕೆ ನಿಲ್ಲಿಸಿದಳು. ಮಂಗಳವಾರ ತಾನು ಎಲ್ಲಿಗೂ ಹೋಗುವುದಿಲ್ಲ ಎಂಬುದು ಅವಳಿಗೆ ನೆನಪಾಯಿತು. ಮುಖ ತಿರುಗಿಸಿಕೊಂಡು ಚೂರಾದ ಖಾರಿಗಳನ್ನು ಒಂದೊಂದಾಗಿ ತಟ್ಟೆಗೆ ಹಾಕತೊಡಗಿದಳು. ಮೆಹಬೂಬ ಸಾಹೇಬರು ಅವಳ ಬೆನ್ನನ್ನೇ ನೋಡುತ್ತ ನಿಂತರು. ಜಾಳಿಗೆಯೊಳಗಿಂದ ನಾನು ಇಬ್ಬರನ್ನೂ ನೋಡುತ್ತಿದ್ದೆ. ಒಂದು ಕ್ಷಣ ನನ್ನ ಭಯವೂ ಮರೆತುಹೋಗಿತ್ತು.

ಸಾಹೇಬರು ಒಳಗೆ ಹೋಗಿ ವನಸ್ಪತಿ ತುಪ್ಪದ ಡಬ್ಬಿ ತಂದರು. "ಅಚ್ಚಿನ್ಯಾಗ ಪಾವ್ ಹಿಡಕೊಂಡ್ರ ಹಿಂಗ ಬಿಡಸ್ತೀವ್ರಿ. ಅಳ್ಳಾಡಬ್ಯಾಡ್ರಿ" ಎಂದು ಬೆರಳಿನಿಂದ ಕಿವಿಯ ಸುತ್ತ ತುಪ್ಪ ಸವರಿ, ಮಾಸ್ಕನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುವಿ, ತಳಕ್ಕೆ ಒಂದು ಪೆಟ್ಟು ಕೊಟ್ಟರು. ನಾನು ಹೊರಬಂದೆ. ಚೆನ್ನಾಗಿ ಬೆಂದಿದ್ದೆ!

ಅವರು ಮಾಸ್ಕನ್ನು ಒರೆಸಿ ಮಗಳ ಕೈಗೆ ಕೊಟ್ಟರು. "ಸರ್ ಅಂಜಿದ್ದು ನೋಡಿ ನನಗ ಇನ್ನೂ ಅಂಜಿಕಿ ಆತು. ನೀ ಹೆಂಗ ನಿಂದರ್ತಿ? ತೋರಸು. ನಾನ ಹೊಡೀತೀನಿ."

ರುಕ್ಸಾನಾ ನಿಂತಳು. ಅವಳ ಆಟವನ್ನು ಅಪ್ಪ ಕಣ್ಣಾರೆ ನೋಡಿದ್ದು ಅದೇ ಮೊದಲು. ಮೊದಲ ಎರಡು ಸಲ ಅವರು ಬಿಲ್ಲೆಯನ್ನು ಮೊಟ್ಟೆಯ ಹಾಗೆ ನೂಕಿದರು. ಅಡಿಗೆಮನೆಯ ಬಾಗಿಲಿನಿಂದ ಫಾತಿಮಾ ಬೇಗಂ, "ಏನ್ರೀ ಅದು! ಚೀಲಗಟ್ಲೆ ಹಿಟ್ಟು ನಾದೂ ಕೈ ಅಲ್ಲೇನು? ಜೋರ್ ಹೊಡೀರಿ! ಎಡಕ್ಕ ಹೊಡೀರಿ!" ಎಂದು ಕೂಗಿದರು. ಸಾಹೇಬರು ಕಣ್ಣು ಮುಚ್ಚಿ ಜೋರಾಗಿ ಹೊಡೆದರು.

ಫಟ್ ಎಂದು ಸದ್ದು. ಕಣ್ಣು ತೆಗೆಯಲು ಅವರಿಗೆ ಧೈರ್ಯವಾಗಲಿಲ್ಲ. ತೆಗೆದಾಗ ಬಿಲ್ಲೆ ಅವಳ ಎಡಗೈಯ ಗವಸಿನಲ್ಲಿತ್ತು. ಇನ್ನೊಂದು ಹೊಡೆದರು. ಮತ್ತೊಂದು. ಎಡಕ್ಕೆ, ಬಲಕ್ಕೆ, ಕಾಲ ಸಂದಿಗೆ. ಬೆವರು ಇಳಿಯುವ ತನಕ ಹೊಡೆದರು. ಬಿಲ್ಲೆ ಬರುವಾಗಲೆಲ್ಲ ಅವಳು ಅದರ ಕಡೆಗೇ ಬಾಗುತ್ತಿದ್ದಳು. ನಾನು ಬಾಗಿದ್ದು ಬೆನ್ನು ತಿರುಗಿಸಿ, ಗೋವಾ ಗಡಿಯ ಕಡೆಗೆ.

ಕೊನೆಗೆ ಸಾಹೇಬರು ಕೋಲು ಇಟ್ಟು ಡಬ್ಬಿಯ ಮೇಲೆ ಕುಳಿತರು. "ಅಂಜಿಕಿ ಹೋಗಿಲ್ಲ ಬೇಟಾ. ಹೋಗೂದೂ ಇಲ್ಲ ಅನಸ್ತೈತಿ. ನೀ ಹೋಗು. ಅಂಜಿಕಿ ನಾ ಇಲ್ಲೇ ಇಟಗೊಂಡಿರ್ತೀನಿ."

ರುಕ್ಸಾನಾ ಮಾಸ್ಕು ತೆಗೆಯಲೇ ಇಲ್ಲ, ಹಾಗೆಯೇ ಅಪ್ಪನನ್ನು ಅಪ್ಪಿಕೊಂಡಳು. ಜಾಳಿಗೆ ಬಡಿದು ಅವರ ಗಲ್ಲದ ಮೇಲೆ ಗೀರು ಬಿತ್ತು. ಆ ಇಡೀ ದಿನ ಐಸ್ ಹಾಕಿಯಿಂದ ಆದ ಗಾಯ ಅದೊಂದೇ, ನನ್ನ ಮಂಡಿ ಬಿಟ್ಟರೆ.

ಹೊರಡುವಾಗ ಫಾತಿಮಾ ಬೇಗಂ ಚೂರು ಖಾರಿಯನ್ನು ನನಗೇ ಕಟ್ಟಿಕೊಟ್ಟರು. ಕಟ್ಟಿದ್ದು ಸ್ವೀಡನ್ನಿನ ಚಾರ್ಟಿನಲ್ಲಿ. ಬಸ್ಸಿನಲ್ಲಿ ಬಾಜು ಕುಳಿತವರು ನನ್ನ ತಲೆಯನ್ನು ಮೂಸಿ ನೋಡಿ, "ಏನ್ರೀ, ಬಿಸಿ ಬಿಸಿ ಪಾವ್ ತಗೊಂಡು ಹೊಂಟೀರೇನು?" ಎಂದು ಕೇಳಿದರು. ಹೌದು ಎಂದೆ.

ರುಕ್ಸಾನಾ ಹೋದಳು. ಎರಡು ಪಂದ್ಯ ಆಡಿದಳು, ಒಂದು ಗೆದ್ದರು, ಒಂದು ಸೋತರು. ಎಲ್ಲ ಹಲ್ಲುಗಳೊಂದಿಗೆ ತಿರುಗಿ ಬಂದಳು. ಮರುವಾರ ಪ್ರಿನ್ಸಿಪಾಲರು ನನ್ನನ್ನು ಕರೆದು, ಮೆಹಬೂಬ ಸಾಹೇಬರು ಬೇಕರಿಗೆ ಬಂದವರಿಗೆಲ್ಲ ನನ್ನ ಸಾಹಸವನ್ನು ಅಭಿಮಾನದಿಂದ ಹೇಳುತ್ತಿದ್ದಾರೆ ಎಂದರು. ಖಾನಾಪುರದಲ್ಲಿ ಆ ಬೇಕರಿಗೆ ಹೋಗದವರಿಲ್ಲ. ಕ್ರೀಡಾ ವಿಭಾಗವನ್ನು ಗಣಿತದ ಮೇಡಮ್ಮರಿಗೆ ಕೊಟ್ಟು, ನನಗೆ ರಂಗೋಲಿ ಸ್ಪರ್ಧೆಯ ಹೊಣೆ ವಹಿಸಿದರು. ರಂಗೋಲಿಯಲ್ಲಿ ಏನೂ ಹಾರಿ ಬರುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಇರಬಹುದು. ನಾನಂತೂ ಬಾಗಿಲ ಹತ್ತಿರವೇ ನಿಲ್ಲುತ್ತೇನೆ.