ಕಾಕಾ ಮತ್ತು ಕಳ್ಳ ಅನಕ್ಷರಸ್ಥರು

ನಮ್ಮ ಕಾಕಾ ಜೀವಮಾನದಲ್ಲಿ ನಂಬಿದ್ದು ಇಬ್ಬರನ್ನು ಮಾತ್ರ. ಒಬ್ಬರು ಸ್ವತಃ ಅವರೇ; ಇನ್ನೊಬ್ಬರು ಯಾರೆಂದು ಮನೆಯಲ್ಲಿ ಯಾರಿಗೂ ಪತ್ತೆಯಾಗಲಿಲ್ಲ. ಮದುವೆಯೂಟದಲ್ಲಿ ಬಡಿಸಿದ ತುಪ್ಪವನ್ನು ಅಂಗೈಗೆ ತಿಕ್ಕಿ ಮೂಸಿ, ವನಸ್ಪತಿಯಲ್ಲವೆಂದು ಖಾತ್ರಿಯಾಗುವವರೆಗೆ ಇಡೀ ಪಂಕ್ತಿಯನ್ನೇ ತಡೆದು ಕೂರಿಸುವ ಮನುಷ್ಯ. ನಮ್ಮಕ್ಕನನ್ನು ನೋಡಲು ಅಫಜಲಪುರದಿಂದ ಬಂದ ವರನ ಕೈಗೆ ಸೂಜಿ-ದಾರ ಕೊಟ್ಟು ಪೋಣಿಸಲು ಹೇಳಿದ್ದರು. ಕಣ್ಣು ಸರಿಯಿದೆಯೋ ಇಲ್ಲವೋ ತಿಳಿಯಬೇಕಲ್ಲ? ವರ ಒಂದೇ ಏಟಿಗೆ ಪೋಣಿಸಿದ. ಎದ್ದು ಹೋದವನು ಮತ್ತೆ ಬರಲಿಲ್ಲ.

ಇಂಥವರಿಗೆ ತಕ್ಕ ಕೆಲಸ ಎಂಬತ್ತರ ದಶಕದಲ್ಲಿ ನಮ್ಮೂರು ಮಟಕಿಗೇ ಹುಡುಕಿಕೊಂಡು ಬಂತು. ಓದುಬರಹ ಬಾರದ ದೊಡ್ಡವರು ಹೇಗೆ ಕಲಿಸಿದರೆ ಬೇಗ ಕಲಿಯುತ್ತಾರೆಂದು ಅಭ್ಯಾಸ ಮಾಡಲು ಗುಲಬರ್ಗಾದ ಕಾಲೇಜೊಂದರಿಂದ ಇಬ್ಬರು ಬಂದರು. ಸೇರಿದವರಿಗೆ ಒಂದೊಂದು ಕಂದೀಲು ಪುಕ್ಕಟೆ. ಸುದ್ದಿ ಹಬ್ಬಿದ್ದೇ ತಡ, ನಿನ್ನೆಯವರೆಗೆ ಕಟ್ಟೆಯ ಮೇಲೆ ಪೇಪರು ಓದುತ್ತಿದ್ದವರೂ ಅಕ್ಷರ ಮರೆತರು! ಓದು ಬಂದವರು ಹೀಗೆ ನುಗ್ಗಿದರೆ ಆ ಅಭ್ಯಾಸದ ಗತಿಯೇನು? ಊರ ಸಾಲೆಯಲ್ಲೇ ಮಾಸ್ತರಾಗಿದ್ದು ನಿವೃತ್ತರಾಗಿದ್ದ ಕಾಕಾಗೆ ಕಳ್ಳರನ್ನು ಸೋಸುವ ಹೊಣೆ ಬಿತ್ತು. ರಜೆಗೆ ಬಂದಿದ್ದ ನಾನೂ ತಮಾಷೆ ನೋಡಲು ಹೋದೆ.

ಕಾಕಾ ಗಟ್ಟಿಮುಟ್ಟಾದ ಒಂದು ಕುರ್ಚಿಗೆ ‘ಕಾಲು ಮುರಿದಿದೆ, ಕೂಡಬೇಡಿರಿ’ ಎಂಬ ಚೀಟಿ ಅಂಟಿಸಿದರು. ಮೊದಲು ಬಂದವರು ಊರ ಗೌಡರ ತಮ್ಮ. ಕೂಡಲು ಬಗ್ಗಿದವರು ಅರ್ಧಕ್ಕೇ ನಿಂತರು.

“ಕೂಡ್ರಿ,” ಎಂದರು ಕಾಕಾ.

“ಇರ್ಲಿ ಬಿಡ್ರಿ ಮಾಸ್ತರ, ಟೊಂಕ ಹಿಡದೈತಿ.”

ಕಂದೀಲು ತಪ್ಪಿತು. ಮರುದಿನದ ಹೊತ್ತಿಗೆ ಗುಟ್ಟು ಊರಿಗೆಲ್ಲ ತಿಳಿದು, ಬಂದವರೆಲ್ಲ ಧಡಕ್ಕನೆ ಕೂತರು. ಕಾಕಾ ಸೋಲುವವರೇ? ಕರಿಹಲಗೆಯ ಮೇಲೆ ‘ಈ ಮಾಸ್ತರನ ಮೂಗು ಬದನೆಕಾಯಿ’ ಎಂದು ಬರೆದು, ಗಂಭೀರವಾಗಿ ಅದರ ಪಕ್ಕದಲ್ಲೇ ನಿಂತರು. ಕಿರಾಣಿ ಅಂಗಡಿಯವನು ತುಟಿ ಕಚ್ಚಿ ತಡೆದ. ನಗೆ ಮೂಗಿನಿಂದ ಬಂತು. ಅವನೂ ಹೊರಗೆ.

ಆಮೇಲೆ ಶರಣಪ್ಪ ಬಂದ, ಭೂಸನೂರಿನ ಕಾರ್ಖಾನೆಗೆ ಕಬ್ಬಿನ ಗಾಡಿ ಹೊಡೆಯುವವನು. ಅವನು ಚೀಟಿಯತ್ತ ನೋಡದೆ ಕೂತ. ಹಲಗೆ ನೋಡಿ ನಗಲಿಲ್ಲ. ಕಾಕಾಗೆ ಸಿಟ್ಟು ನೆತ್ತಿಗೇರಿತು. ಇಂಥ ನಾಟಕ ತಮ್ಮ ಶಿಷ್ಯನಿಂದಲೇ?

“ಏಳಲೇ ಮ್ಯಾಲ. ನಾಲ್ಕನೇ ಇಯತ್ತೇದಾಗ ನಿನ್ನ ನಾನ ಪಾಸ್ ಮಾಡೇನಿ. ಓದು ಅದನ್ನ.”

ಶರಣಪ್ಪ ಎದ್ದ. ಕೈ ಕಟ್ಟಿ ನಿಂತ. ನಂತರ ಬದನೆಕಾಯಿಯ ಸಾಲಿನ ಕೆಳಗೆ ಬೆರಳು ಸರಿಸುತ್ತ, ಹುಡುಗರ ರಾಗದಲ್ಲಿ ಸ್ಪಷ್ಟವಾಗಿ ಹೇಳಿದ: “ರೈತನು ಹೊಲಕ್ಕೆ ಹೋದನು. ಎತ್ತು ನೀರು ಕುಡಿಯಿತು. ಹೊಲವು ಹಸಿರಾಯಿತು.”

ಯಾರೋ ಕಿಸಕ್ಕೆಂದರು. ಕಾಕಾ ನಗಲಿಲ್ಲ.

“ಸಾಲ್ಯಾಗ ಹಿಂಗ ಓದತಿದ್ದೆರಿ,” ಎಂದ ಶರಣಪ್ಪ. “ಬಾಜೂದಾವ ಓದಿದ್ದು ಕೇಳಿ ಬಾಯಿಪಾಠ ಮಾಡತಿದ್ದೆ. ನೀವು ಶಾಬಾಸ್ ಅಂದು ಲಗೂನ ಮುಂದಿನಾವನ್ನ ಎಬ್ಬಿಸತಿದ್ರಿ.”

ಇವನನ್ನು ಸೇರಿಸಿಕೊಳ್ಳಬಹುದೇ ಎಂದು ಕಾಲೇಜಿನವರು ಕೇಳಿದರು. ಇವನಿಗೆ ಖಂಡಿತ ಓದಲು ಬರುವುದಿಲ್ಲ, ಅದಕ್ಕೆ ತಾನೇ ಜಾಮೀನು ಎಂದು ಕಾಕಾ ಹೇಳಿದರು. ದನಿ ಎಷ್ಟು ಸಣ್ಣಗಿತ್ತೆಂದರೆ ಅವರು ಮತ್ತೊಮ್ಮೆ ಕೇಳಬೇಕಾಯಿತು.

ಅಂದಿನಿಂದ ಕಾಕಾ ತುಪ್ಪ ಮೂಸುವುದನ್ನೂ ಬಿಟ್ಟರು. ಹಳೆಯ ಶಿಷ್ಯರು ಒಬ್ಬೊಬ್ಬರಾಗಿ ಬಂದು ಆ ಕುರ್ಚಿಯಲ್ಲಿ ಕೂತರು. ಅವರಲ್ಲಿ ಬಹಳ ಮಂದಿ ನಿಜವಾಗಿಯೂ ಕಂದೀಲಿಗೆ ಅರ್ಹರಾಗಿದ್ದರು! ಇಷ್ಟು ವರ್ಷ ತಾನು ಕಲಿಸಿದ್ದು ಯಾರಿಗೆ ಎಂದು ಕಾಕಾ ಊಟದ ತಾಟಿನ ಮುಂದೆ ಕೇಳಿದರು. ಅವರ ಹೆಂಡತಿ, ನಮ್ಮ ಕಾಕು, ಇನ್ನೊಂದು ರೊಟ್ಟಿ ಹಾಕಿದಳು.

ಇವರಿಗೆಲ್ಲ ತಾನೇ ಕಲಿಸುತ್ತೇನೆಂದು ಕಾಕಾ ಹೇಳಿದರೆ ಕಾಲೇಜಿನವರು ಒಪ್ಪಲಿಲ್ಲ. ಹೊರಗಿನವರು ಕಲಿಸಿದರೆ ಅಭ್ಯಾಸ ಕೆಡುತ್ತದಂತೆ. ಕಾಕಾ ಕಾದರು. ಚಳಿಗಾಲ ಮುಗಿದು ಕಾಲೇಜಿನವರು ಗಂಟುಮೂಟೆ ಕಟ್ಟಿದರು. ಶರಣಪ್ಪನಿಗೆ ಆಗಿನ್ನೂ ಒತ್ತಕ್ಷರ ತೊಡರುತ್ತಿತ್ತು. ಅದೇ ಸಂಜೆ ಕಾಕಾ ಅವನ ಮನೆಗೆ ಹೋದರು. ಅವನು ಗಾಬರಿಯಾಗಿ ಎದ್ದು ಕೈ ಕಟ್ಟಿ ನಿಂತ. ಕಾಕಾ ಚಪ್ಪಲಿ ಬಿಟ್ಟು ಅವನ ಪಕ್ಕ ನೆಲದ ಮೇಲೆ ಕೂತರು.

“ಕೂಡಪಾ,” ಎಂದರು. “ಈ ಸಲ ನಾ ಅವಸರ ಮಾಡಂಗಿಲ್ಲ.”